ಗುರುತಿಸಿದವರು

"ಕೈ ನೋಡಯ್ಯಾ ಗೌತಮ್, ಆ ಯಮ್ಮನ ಕೈ ನೋಡು. ಉಗುರು ಸಂದೀಲೆಲ್ಲ ಸಗಣಿ. ಆ ಹೆಬ್ಬೆಟ್ಟು ನನ್ನ ಸ್ಟ್ಯಾಂಪ್ ಪೇಪರ್ ಮೇಲೆ ಬಿದ್ರೆ ಅಮೆರಿಕಾದೋರು ಮೂಗು ಮುಚ್ಕೊಂಡು ಓದ್ಬೇಕಾಯ್ತದೆ. ತೊಳ್ಕೊಂಡು ಬರಕ್ಕೇಳು."

ನೋಟರಿ ಚನ್ನಬಸವಯ್ಯನವರು ಹೇಳಿದ್ದು ನನಗೆ. ಆ ಯಮ್ಮ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಎದ್ದು ಹೋಗಿ, "ಅಮ್ಮಾ, ಕೈ ತೊಳ್ಕೊಂಡು ಬರ್ಬೇಕಂತೆ. ಹಿಂದುಗಡೆ ನಲ್ಲಿ ಇದೆ" ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮನೆಯಲ್ಲಿ ನಾನು ಅವಳನ್ನು ಅವ್ವ ಅನ್ನುತ್ತೇನೆ. ಅಮ್ಮ ಅನ್ನುವುದು ನಮ್ಮ ಆಫೀಸಿಗೆ ಬರುವ ವಯಸ್ಸಾದ ಹೆಂಗಸರಿಗೆಲ್ಲ.

"ಆಗ್ಲಿ ಕಣಪ್ಪ" ಎಂದು ಎದ್ದು ಹೋದಳು.

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಪಕ್ಕದ ಓಣಿಯ ಆ ಆಫೀಸಿನಲ್ಲಿ ನಾನು ಟೈಪಿಸ್ಟಾಗಿ ಸೇರಿ ಆಗ ನಾಲ್ಕು ವರ್ಷವಾಗಿತ್ತು. ಕೆಲಸ ಕೊಡಿಸಿದವರು ನಮ್ಮೂರ ಸಂಪತ್ಕುಮಾರ ಮೇಷ್ಟ್ರು. ಚನ್ನಬಸವಯ್ಯನವರಿಗೆ ಒಂದು ಚೀಟಿ ಬರೆದುಕೊಟ್ಟು, "ಯಾವೂರು ಅಂದ್ರೆ ನಮ್ಮೂರು ಅನ್ನು. ಅದಕ್ಕಿಂತ ಜಾಸ್ತಿ ಕೇಳಿದ್ರೆ ನನ್ನ ಹೆಸರು ಹೇಳು, ಸಾಕು" ಎಂದಿದ್ದರು. ಅದನ್ನು ಉಪಕಾರ ಎಂದೇ ತಿಳಿದಿದ್ದೆ. ಹಾಸನದ ಕಾಲೇಜಿನಲ್ಲಿ ದಲಿತ ಸಂಘದ ಮೆರವಣಿಗೆಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ ದಿನಗಳಲ್ಲಿ ಸಣ್ಣಯ್ಯ ಎಂಬ ಹೆಸರು ಬಿಟ್ಟು ಗೌತಮ್ ಆಗಿದ್ದೆ. ಆಗ ಅದು ಎದೆ ಸೆಟೆಸಿ ಹೇಳುವ ಹೆಸರು. ಈ ಆಫೀಸಿನಲ್ಲಿ ಅದೇ ಹೆಸರು ಯಾವ ಜಾತಿಯವನದಾದರೂ ಆಗಬಹುದಾಗಿತ್ತು, ಹಾಗಾಗಿ ಅನುಕೂಲವಾಯಿತು. ಆಫೀಸಿನ ಹಿಂದೆಯೇ ಇದ್ದ ಚನ್ನಬಸವಯ್ಯನವರ ಮನೆಯ ಒಳಗಿನ ಹಂಡೆಯಿಂದ ನಾಲ್ಕು ವರ್ಷ ನಾನೇ ನೀರು ಮೊಗೆದುಕೊಂಡು ಕುಡಿದಿದ್ದೇನೆ. ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಒಂದು ವಾರದ ಹಿಂದೆ ಸಂಪತ್ಕುಮಾರ ಮೇಷ್ಟ್ರು ನನ್ನನ್ನು ಬಸ್‌ ಸ್ಟ್ಯಾಂಡಿನಲ್ಲಿ ಹಿಡಿದಿದ್ದರು. ಅವರ ಮಗಳು ಹಂಸ ಕಂಪ್ಯೂಟರ್ ಎಂಜಿನಿಯರು. ತೊಂಬತ್ತೆಂಟರಲ್ಲಿ ಎಚ್-ಒನ್ ಎಂಬ ಕೆಲಸದ ವೀಸಾದ ಮೇಲೆ ಅಮೆರಿಕಕ್ಕೆ ಹೋಗಿದ್ದಳು. ಆ ವೀಸಾಕ್ಕೆ ಆಯುಷ್ಯ ಆರೇ ವರ್ಷ. ಅದು ಆ ವರ್ಷ ಮುಗಿಯುತ್ತಿತ್ತು, ಅಷ್ಟರೊಳಗೆ ಅಲ್ಲೇ ನೆಲೆನಿಲ್ಲುವ ಅರ್ಜಿ ಮುಂದೆ ಹೋಗದಿದ್ದರೆ ಗಂಡ ಮಗು ಮನೆ ಎಲ್ಲ ಕಟ್ಟಿಕೊಂಡು ವಾಪಸ್ ಬರಬೇಕಿತ್ತು. ಅರ್ಜಿ ನಿಂತಿದ್ದು ಒಂದು ಕಾಗದಕ್ಕೆ. ಹಂಸಳ ಹುಟ್ಟು ಎಲ್ಲೂ ದಾಖಲಾಗಿರಲಿಲ್ಲ. ದಾಖಲೆ ಇಲ್ಲದಿದ್ದರೆ, ಹುಟ್ಟಿದ್ದನ್ನು ಕಣ್ಣಾರೆ ಕಂಡವರು ಪ್ರಮಾಣಪತ್ರ ಬರೆದುಕೊಡಬೇಕು ಎಂದು ಅಲ್ಲಿಯ ಲಾಯರು ಹೇಳಿದ್ದ.

"ಹಂಸನ ತಾಯಿ ಸರಸ ಹೋಗಿ ಎರಡು ವರ್ಷ ಆಯ್ತು. ನಮ್ಮಮ್ಮ ಯಾವಾಗ್ಲೋ ಹೋದ್ರು. ನಾನು ಆವತ್ತು ಊರಲ್ಲೇ ಇರ್ಲಿಲ್ಲ" ಎಂದು ಮೇಷ್ಟ್ರು ನೆಲ ನೋಡುತ್ತ ಹೇಳಿದ್ದರು. "ಕಂಡೋರು ಅಂತ ಉಳ್ದಿರೋದು ನಿಮ್ಮಮ್ಮ ಒಬ್ಳೇ ಕಣಯ್ಯಾ."

ನನಗೆ ಅರ್ಥವಾಗಿರಲಿಲ್ಲ. ಕೇರಿಯಲ್ಲಿ ಹೆರಿಗೆ ಮಾಡಿಸುತ್ತಿದ್ದ ನಮ್ಮವ್ವ ಅಗ್ರಹಾರದ ಮನೆಯ ಹೆರಿಗೆಯನ್ನು ಹೇಗೆ ಕಂಡಾಳು? ಅದನ್ನು ಅವಳು ಹೇಳಿದ್ದು ಆವತ್ತು ಬೆಳಿಗ್ಗೆ, ಬಸ್ಸಿನಲ್ಲಿ. ಮೂವತ್ತೆರಡು ವರ್ಷ ಬಾಯಿ ಬಿಡದಿದ್ದವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು.

"ಒಳೆ ತುಂಬಿತ್ತು ಕಣ್ಲಾ. ದೋಣಿ ಬಿಡ್ನಿಲ್ಲ, ಆಸ್ಪತ್ರೆಗೋಗಾಕಾಗ್ನಿಲ್ಲ. ಮಗ ಅಡ್ಡ ಬಿದ್ದಿತ್ತು. ದೊಡ್ಡಮ್ಮೋರು, ಮೇಷ್ಟ್ರ ತಾಯಿ, ಇತ್ಲಲ್ಲಿ ನಿಂತ್ಕಂಡು ಕೂಗುದ್ರು. ನೀನು ಎದೆ ಕಚ್ಕಂಡಿದ್ದೆ, ಅಳ್ತಿದ್ದೋನ್ನ ಅಂಗೇ ಬುಟ್ಟು ಓದೆ. ನಾನು ಒಳಕ್ಕೋಗಂಗಿಲ್ವಲ್ಲ, ಅದ್ಕೆ ಆ ಬಸ್ರಿ ಯಮ್ಮನ್ನೇ ನೋವಲ್ಲಿ ಎತ್ಕಂಡು ಕೊಟ್ಗೆಗೆ ತಂದ್ರು. ದನ ಆಚ್ಗೆ ಅಟ್ಟಿ ಉಲ್ಲಾಸುದ್ರು. ಕಾಲು ಮುಂದಾಗಿ ಬಂತು ಮಗ. ಉಸ್ರಿರ್ನಿಲ್ಲ. ನೀಲಿಗಟ್ಟೋಗಿತ್ತು. ನಾನು ಬಾಯ್ಗೆ ಬಾಯಿಟ್ಟು ಊದ್ದೆ. ಮೂರು ಸಲ ಊದ್ದೆ. ಅತ್ತುಬುಡ್ತು."

"ಆಮೇಲೆ?"

"ಆಮೇಲೇನು. ದೊಡ್ಡಮ್ಮೋರು ಮಗೀನ ಮಕಕ್ಕೆ ಗಂಜಳ ಚುಮುಕುಸ್ಕಂಡು ಎತ್ಕಂಡೋದ್ರು. ಯಾರ್ಗಾರ ಏಳೀಯೆ ಮುದ್ದಿ ಅಂದ್ರು. ಆಣೆ ಆಕುಸ್ಕಂಡ್ರು. ಊರ್ಗೆಲ್ಲ ಮನೆ ಒಳ್ಗೇ ಆಯ್ತು ಅಂತ ಯೋಳುದ್ರು."

ಆಮೇಲೆ ಅವಳೇ ಕೇಳಿದ್ದಳು: "ಈಗ ಅದ್ನೆಲ್ಲ ಬರ್ದು ಅಮೇರಿಕಕ್ಕೆ ಕಳುಸ್ತಾರಾ?"

"ಹೂಂ."

"ನನ್ನೆಸ್ರು ಬರೀತಾರಾ?"

"ಬರೀಲೇಬೇಕು."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಕ್ಕಳೆಂದು ಕಾಣುತ್ತದೆ. ಇಳಿಯುವ ಜಾಗ ಹತ್ತಿರವಾದಾಗ ನಾನೇ ಹೇಳಿದೆ: "ಅವ್ವ, ಆಫೀಸ್ನಲ್ಲಿ ನಾನು ನಿನ್ನ ಮಗ ಅಂತ ಯಾರಿಗೂ ಗೊತ್ತಿಲ್ಲ. ಇವತ್ತೊಂದಿನ..." ಮುಂದಿನ ಮಾತು ಹೇಳಬೇಕಾಗಲಿಲ್ಲ. "ಗೊತ್ತಾಯ್ತು ಬುಡು" ಎಂದು ಅವಳು ನನಗಿಂತ ಮೊದಲು ಇಳಿದು, ನನ್ನಿಂದ ಹತ್ತು ಹೆಜ್ಜೆ ಹಿಂದೆ ನಡೆದು ಬಂದಳು.

ಕೈ ತೊಳೆದು ಬಂದವಳನ್ನು ಚನ್ನಬಸವಯ್ಯನವರು ಒಳಗೆ ಕರೆದರು. ಅವಳು ಹೊಸ್ತಿಲ ಒಳಗೆ ಒಂದು ಹೆಜ್ಜೆ ಇಟ್ಟು ನಿಂತಳು. ಸಂಪತ್ಕುಮಾರ ಮೇಷ್ಟ್ರು ಕುರ್ಚಿಯಲ್ಲಿದ್ದರು. ಕೂತುಕೋ ಎಂದು ಯಾರೂ ಹೇಳಲಿಲ್ಲ. ನನ್ನ ಪಕ್ಕದ ಸ್ಟೂಲು ಖಾಲಿ ಇತ್ತು.

"ಈ ಯಮ್ಮನ್ನ ಗುರುತಿಸೋರು ಯಾರು?" ಎಂದರು ಚನ್ನಬಸವಯ್ಯ. ಪ್ರಮಾಣಪತ್ರದ ಕೆಳಗೆ, ಹೆಬ್ಬೆಟ್ಟು ಒತ್ತಿದವರು ಇವರೇ ಎಂದು ಬಲ್ಲವರೊಬ್ಬರು ರುಜು ಹಾಕಬೇಕು. ಅದಿಲ್ಲದೆ ನೋಟರಿ ಮೊಹರು ಬೀಳುವುದಿಲ್ಲ.

"ಗೌತಮ್ ಹಾಕ್ತಾನೆ" ಎಂದರು ಮೇಷ್ಟ್ರು.

"ನಿಂಗೆ ಹೆಂಗಯ್ಯಾ ಪರಿಚಯ?"

ಟೈಪ್‌ರೈಟರಿನ ರೋಲರ್ ತಿರುಗಿಸುತ್ತ ನಾನು ಹೇಳಿದೆ: "ಊರೋರು ಸಾರ್."

"ಏನಮ್ಮಾ, ಇವನು ಗೊತ್ತಾ ನಿಂಗೆ?"

"ಊ ಸಾ. ಊರೋರು" ಎಂದಳು ಅವ್ವ.

ಅವಳ ಬಲಗೈ ಹೆಬ್ಬೆರಳಿಗೆ ನಾನೇ ನೇರಳೆ ಶಾಯಿ ಹಚ್ಚಿದೆ. ಬೆರಳು ನಲ್ಲಿಯ ನೀರಿಗೆ ತಣ್ಣಗಾಗಿತ್ತು. ಆಮೇಲೆ, ನಿಯಮದಂತೆ, ಇಂಗ್ಲಿಷಿನಲ್ಲಿ ಬರೆದದ್ದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಬೇಕಿತ್ತು. ಮೇಷ್ಟ್ರು ತಾವೇ ಬರೆದು ತಂದ ಮಾತುಗಳನ್ನು ನಾನು ಹಿಂದಿನ ದಿನವೇ ಟೈಪ್ ಮಾಡಿಟ್ಟಿದ್ದೆ. ಬಸ್ಸಿನಲ್ಲಿ ಅದನ್ನು ಅವ್ವನಿಗೆ ಹೇಳಿರಲಿಲ್ಲ.

"ಮುದ್ದಮ್ಮ ಆದ ನಾನು ಹಂಸ ಇವರ ಕುಟುಂಬದ ಆಪ್ತ ಸ್ನೇಹಿತೆ. ಅವರ ಮನೆಗೆ ಅತಿಥಿಯಾಗಿ ಹೋಗಿದ್ದಾಗ, ಆಕೆಯ ಅಜ್ಜಿಯವರು ಮಾಡಿಸಿದ ಹೆರಿಗೆಯನ್ನು, ಮನೆಯ ನಡುಕೋಣೆಯಲ್ಲಿ, ಕಣ್ಣಾರೆ ಕಂಡಿದ್ದೇನೆ..."

"ಯಾರ ಮನೇಗೆ?" ಎಂದಳು ಅವ್ವ.

"ನಮ್ಮನೆಗೆ ಕಣಮ್ಮ" ಎಂದರು ಮೇಷ್ಟ್ರು.

"ನಡುಕ್ವಾಣೆ ಯಾವ್ ದಿಕ್ಕಿಗದೆ ಅಂತ್ಲೂ ನಂಗೊತ್ತಿಲ್ಲ ಬುದ್ಧಿ. ನೆಂಟ್ರಂಗೆ ಬಂದು ಉಂಡೋದ್ನಾ ನಾನು? ದೊಡ್ಡಮ್ಮೋರು ಎರುಗೆ ಮಾಡ್ಸುದ್ರಾ? ಅವ್ರು ಕೊಟ್ಗೆ ಬಾಗ್ಲಲ್ಲಿ ಮೂಗಿಗೆ ಸೆರಗಿಟ್ಕಂಡು ನಿಂತಿದ್ರು!"

"ಮುದ್ದಮ್ಮಾ, ಅದೆಲ್ಲ ಈಗ್ಯಾಕೆ? ಕಾಗದಕ್ಕೆ ಒಂದು ಮಾತು ಬೇಕು, ಅಷ್ಟೆ."

"ಒಂದೇ ಮಾತ್ ಬೇಕಾದ್ರೆ ಇದ್ದುದ್ನೇ ಬರೀರಿ. ಕೊಟ್ಗೇಲಿ ಉಟ್ತು ಅಂತ ಬರೀರಿ. ಮುದ್ದಿ ಎಳುದ್ಲು, ಮುದ್ದಿ ಬಾಯ್ಗೆ ಬಾಯಿಟ್ಲು ಅಂತ ಬರೀರಿ."

ಚನ್ನಬಸವಯ್ಯನವರು ನಕ್ಕುಬಿಟ್ಟರು. "ಓಹೋಹೋ, ಏನ್ ಮೇಷ್ಟ್ರೇ ಇದು! ಆಚಾರವಂತರ ಮನೆ ಕಥೆ!"

ಮೇಷ್ಟ್ರ ಮುಖ ಕೆಂಪಾಯಿತು. ದನಿ ತಗ್ಗಿಸಿ, "ಅಲ್ಲಿ ಲಾಯರ ಆಫೀಸಲ್ಲಿ ಕೂತಿರೋರೆಲ್ಲ ನಮ್ಮ ಕಡೆಯೋರೇ ಅಂತೆ. ಓದ್ತಾರೆ. ಹಂಸನ ಅತ್ತೆ ಮನೆಯೋರೂ ನೋಡ್ತಾರೆ. ಅವಳಿಗೇ ಗೊತ್ತಿಲ್ಲ ಇದು" ಎಂದರು.

ಅವ್ವ ಮೇಷ್ಟ್ರನ್ನೇ ನೋಡಿದಳು.

"ಆ ಮಗೀಗೂ ಏಳಿಲ್ವಾ ನೀವು?"

ಮೇಷ್ಟ್ರು ಮೇಜಿನ ಮೇಲಿದ್ದ ಕಾಗದದ ಅಂಚು ಸರಿಮಾಡಿದರು.

"ಅದ್ಕೆ ಗೊತ್ತಾಗ್ಲಿ ಅಂತ್ಲೇ ನಾನು ಇವತ್ತು ಕೂಲಿ ಬುಟ್ಟು ಬಂದದ್ದು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಶಾಯಿ ಹತ್ತಿದ ಬೆರಳನ್ನು ಬೇರೆಯವರದೆಂಬಂತೆ ದೂರ ಹಿಡಿದುಕೊಂಡಿದ್ದಳು. "ನೀವೇಳಿ ರೈಟ್ರೇ. ಬರೆಯೋರು ನೀವಲ್ವಾ. ಬರೀತೀರಾ?"

ಹೆತ್ತವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅದರಲ್ಲಿ ಕೊಂಕು ಇರಲಿಲ್ಲ. ಬಸ್ಸಿನಲ್ಲಿ ನಾನು ಬೇಡಿಕೊಂಡದ್ದನ್ನು ಅವಳು ನಡೆಸಿಕೊಡುತ್ತಿದ್ದಳು, ಅಷ್ಟೆ. ಮೇಷ್ಟ್ರೂ ಚನ್ನಬಸವಯ್ಯನವರೂ ನನ್ನನ್ನು ನೋಡುತ್ತಿದ್ದರು. ಕೀಲಿಗಳ ಮೇಲೆ ನನ್ನ ಬೆರಳುಗಳಿದ್ದವು. ಹೊಸ ಹಾಳೆ ಹಾಕಿ ನಾಲ್ಕು ಸಾಲು ಹೊಡೆಯಲು ಐದು ನಿಮಿಷ ಸಾಕಿತ್ತು.

"ಕೊಟ್ಟಿರೋ ಹಾಗೇ ಬರೀಬೇಕಮ್ಮ" ಎಂದೆ. "ನಾವು ಬದ್ಲಾಯ್ಸಂಗಿಲ್ಲ."

"ಅಂಗೋ" ಎಂದಳು.

"ಬಂದಿದ್ದು ಹೆಬ್ಬೆಟ್ಟು ಒತ್ತಕ್ಕೆ, ಪುರಾಣ ಹೇಳಕ್ಕಲ್ಲ. ಒತ್ತು ಬಾರಮ್ಮಿ, ಶಾಯಿ ಒಣಗ್ತದೆ" ಎಂದು ಚನ್ನಬಸವಯ್ಯ ಮೇಜಿನ ಮೇಲಿನ ಕಾಗದವನ್ನು ಅವಳತ್ತ ತಳ್ಳಿದರು.

ಅವ್ವ ಮೇಜಿನ ಹತ್ತಿರ ಬಂದಳು. ಎಲ್ಲಿ ಒತ್ತಬೇಕೆಂದು ನಾನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದ ಜಾಗವನ್ನು ನೋಡಿದಳು. ಹೆಬ್ಬೆರಳನ್ನು ಕಾಗದದ ತಲೆಯ ಮೇಲೆ, ಸರ್ಕಾರದ ಮುದ್ರೆಯ ಮೇಲಿಟ್ಟು, ಸಗಣಿ ಸಾರಿಸುವವಳ ಹಾಗೆ ಕೆಳಗಿನ ತುದಿಯವರೆಗೂ ಎಳೆದಳು. ಸ್ನೇಹಿತೆ, ಅತಿಥಿ, ನಡುಕೋಣೆ ಎಲ್ಲದರ ಮೇಲೂ ನೇರಳೆ ಬಣ್ಣ ಹರಡಿತು.

"ತಕಳಿ. ಒತ್ತಿವ್ನಿ."

"ಏಯ್ ಮುಂಡೇ! ಸ್ಟ್ಯಾಂಪ್ ಪೇಪರ್ರು! ಎಳ್ಕೊಂಡೋಗಯ್ಯ ಆಚೆಗೆ ಇವಳನ್ನ, ನೋಡ್ತಾ ಕೂತವ್ನೆ ಬಡ್ಡೀಮಗ!"

ಎಳೆಯಬೇಕಾಗಲಿಲ್ಲ. ಉಳಿದ ಶಾಯಿಯನ್ನು ಅವಳು ಅವರ ಬಾಗಿಲ ಚೌಕಟ್ಟಿಗೆ ಒರೆಸಿದಳು. ಮೆಟ್ಟಿಲ ಕೆಳಗೆ ನಿಂತು, "ನನ್ ಬಾಯಿ ಮುಟ್ಟುದ್ರೆ ಮೈಲ್ಗೆ. ನನ್ ಬಾಯುಸ್ರು ಮೈಲ್ಗೆ ಆಗ್ನಿಲ್ವಾ ನಿಮ್ಗೆ? ಥೂ!" ಎಂದು ಉಗಿದು ಹೊರಟಳು. ನನ್ನ ಕಡೆ ನೋಡಲಿಲ್ಲ. ಓಡಿಹೋಗಿ ಹಿಡಿಯಬಹುದಾಗಿತ್ತು. ಓಣಿ ಉದ್ದವಿತ್ತು, ಅವಳ ಮಂಡಿ ನೋವಿನ ನಡಿಗೆ ನಿಧಾನವಿತ್ತು. ತಿರುವು ದಾಟುವವರೆಗೂ ನಾನು ಕೂತೇ ನೋಡಿದೆ.

ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. "ಈ ವಾರ ಕೊರಿಯರ್‌ಗೆ ಹಾಕ್ಲೇಬೇಕು ಚನ್ನಬಸವಯ್ಯನೋರೇ. ಮಗು ಅಳ್ತಾಳೆ ಫೋನಲ್ಲಿ."

"ಅಮೆರಿಕಾದೋನು ಬಂದು ಮುದ್ದಿ ಮಕ ನೋಡ್ತಾನಾ ಮೇಷ್ಟ್ರೇ? ಹೆಬ್ಬೆಟ್ಟಿಗೆ ಹೆಸರು ಬರ್ದಿರ್ತದಾ? ಕಚೇರಿ ಮುಂದೆ ಸೌತೆಕಾಯಿ ಮಾರೋ ಗುರುಸಿದ್ದಮ್ಮ ಅವಳೆ, ನಮ್ಮೋಳೇ. ಕರ್ಸಣ. ಗುರುತಿಸೋ ರುಜು ಮಾತ್ರ ಗಟ್ಟಿ ಇರ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ಊರೋನು ಅಂದ್ರೆ ನಿಲ್ಲಲ್ಲ."

ಮೇಷ್ಟ್ರು ಕೈ ತೆಗೆದು ನನ್ನನ್ನು ನೋಡಿದರು. ನಾಲ್ಕು ವರ್ಷ ಅವರು ಜೋಪಾನವಾಗಿ ಕಾದಿಟ್ಟ ಮಾತು ಅದು. ಈಗ ಅದು ಬೇಕಾಯಿತು.

"ಹೆತ್ತ ಮಗನೇ ರುಜು ಹಾಕಿದ್ರೆ ನಿಲ್ಲುತ್ತಲ್ಲ?" ಎಂದರು.

ಚನ್ನಬಸವಯ್ಯನವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವರ ಕಣ್ಣು ಮೊದಲು ನನ್ನ ಮೇಲೆ, ಆಮೇಲೆ ಒಳಮನೆಯ ಬಾಗಿಲ ಕಡೆ, ಹಂಡೆಯಿದ್ದ ಮೂಲೆಗೆ ಹೋಯಿತು.

"ನಿಮ್ಮಮ್ಮನೇನೋ ಅವ್ಳು?"

"ಹೂಂ ಸಾರ್."

"ಮತ್ತೆ ಊರೋರು ಅಂದೆ?"

ನಾನು ಹಾಳಾದ ಕಾಗದವನ್ನು ಮಡಚಿದೆ.

"ಸರಿ ಬುಡು, ಅದನ್ನ ಆಮೇಲೆ ನೋಡ್ಕೊಳಣ. ಮೊದ್ಲು ಟೈಪ್ ಮಾಡು."

ಹೊಸ ಸ್ಟ್ಯಾಂಪ್ ಪೇಪರ್ ರೋಲರಿಗೆ ಸೇರಿಸಿದೆ. ಅದೇ ಸ್ನೇಹಿತೆ, ಅದೇ ಅತಿಥಿ, ಅದೇ ನಡುಕೋಣೆ. ಒಂದು ಅಕ್ಷರವೂ ತಪ್ಪಲಿಲ್ಲ. ಅಷ್ಟರಲ್ಲಿ ಗುರುಸಿದ್ದಮ್ಮ ಬಂದಳು. ಅವಳಿಗೆ ಸ್ಟೂಲು ಹಾಕಿದರು.

"ಯಾರ ಎಸ್ರಿಗೆ ಒತ್ಬೇಕು?" ಎಂದು ಕೇಳಿದಳು.

"ಮುದ್ದಮ್ಮ ಅಂತ."

"ಮುದ್ದಮ್ಮ ಅಂದ್ರೆ ಯಾರ ಪೈಕಿ? ಎಂತೆಂತೋರ್ದೋ ಎಸ್ರು ನನ್ ತಲೇಗೆ ಕಟ್ಬುಟ್ಟೀರಿ ಕನ್ರಪ್ಪ!"

ಚನ್ನಬಸವಯ್ಯ ಗಟ್ಟಿಯಾಗಿ ನಕ್ಕರು. "ಕಾಗದದ ಮೇಲೆ ಪೈಕಿ ಎಲ್ಲಿರ್ತದಮ್ಮಿ? ಒತ್ತು."

"ಎಲ್ಲಿ ಒತ್ಲಿ ಮಗಾ?" ಎಂದು ಅವಳು ನನಗೆ ಕೈ ಕೊಟ್ಟಳು. ಹೆಬ್ಬೆರಳಿಗೆ ಶಾಯಿ ಹಚ್ಚಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಉರುಳಿಸಿದೆ. ಗೆರೆಗಳೆಲ್ಲ ಬಿಡಿಬಿಡಿಯಾಗಿ ಸ್ಪಷ್ಟವಾಗಿ ಮೂಡಿದವು. ಕೆಳಗೆ 'ಗುರುತಿಸಿದವರು' ಎಂದಿದ್ದಲ್ಲಿ ನನ್ನ ಹೆಸರು ಬರೆದೆ.

"ಸಂಬಂಧ?" ಎಂದರು ಚನ್ನಬಸವಯ್ಯ, ಮೊಹರನ್ನು ಮೇಲೆತ್ತಿ ಹಿಡಿದು.

ಬರೆದೆ: ಮಗ.