ಎದುರಾಳಿಯ ಅಂಗಿ

ಐಸ್ ಹಾಕಿ ಪಂದ್ಯದ ಮೂರನೇ, ಕೊನೆಯ ಅವಧಿ ಶುರುವಾಗಿ ಐದು ನಿಮಿಷವಾಗಿತ್ತಷ್ಟೆ. ಆತಿಥೇಯ ತಂಡದ ರೇನೋ ಬೀಸಿದ ಹೊಡೆತಕ್ಕೆ ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ ಹಾರಿ ಎದುರಾಳಿ ಗೋಲ್‌ಕೀಪರನ ದವಡೆಗೆ ಬಡಿಯಿತು. 1954ರಲ್ಲಿ ಮುಖವಾಡ ತೊಡುವವರು ಯಾರಿದ್ದರು? ಮಂಜುಗಡ್ಡೆಯ ಮೇಲೆ ರಕ್ತ ಹರಡಿತು. ನಾಲ್ವರು ಅವನನ್ನು ಎತ್ತಿಕೊಂಡು ಹೋದರು.

ಆಗೆಲ್ಲ ತಂಡಕ್ಕೊಬ್ಬನೇ ಗೋಲ್‌ಕೀಪರ್. ಅವನು ಬಿದ್ದರೆ, ಯಾರ ಊರಲ್ಲಿ ಆಟವೋ ಅವರೇ ಬದಲಿ ಒಬ್ಬರನ್ನು ಕೊಡಬೇಕು. ಕಾಪರ್ ಕ್ರೀಕ್‌ ಎಂಬ ಆ ಗಣಿ ಊರಿನ ಬದಲಿಯವನು ಜ್ವರ ಬಂದು ಮಲಗಿದ್ದ. ಉಳಿದವಳು ರೇನೋನ ತಂಗಿ ಐಲಿ. ಎರಡು ಚಳಿಗಾಲದಿಂದ ಅಭ್ಯಾಸದಲ್ಲಿ ಗೋಲು ಕಾಯುತ್ತಿದ್ದಳು. ಪಂದ್ಯಕ್ಕೆ ಮಾತ್ರ ಯಾರೂ ಕರೆದಿರಲಿಲ್ಲ.

"ಹೆಂಗಸಾ?" ಎದುರಾಳಿ ನಾಯಕ ಡುಸೆಟ್ ಕೂಗಾಡಿದ. "ಚೆನ್ನಾಗಿದೆ! ಅಣ್ಣ ಹೊಡೀತಾನೆ, ತಂಗಿ ಬಿಡ್ತಾಳೆ."

"ಗಂಡಸೇ ಆಗ್ಬೇಕು ಅಂತ ನಿಯಮದಲ್ಲಿಲ್ಲ," ಎಂದ ರೆಫರಿ. "ಬೇಡಾಂದ್ರೆ ಗೋಲು ಖಾಲಿ ಬಿಡಪ್ಪ."

ಐಲಿ ಎದುರಾಳಿಯ ಕೆಂಪು ಅಂಗಿ ತೊಟ್ಟಳು. ಕೊರಳಪಟ್ಟಿಯ ರಕ್ತ ಇನ್ನೂ ಹಸಿಯಾಗಿತ್ತು. ಕೆಂಪು ತಂಡ ಮೂರು–ಎರಡರಿಂದ ಮುಂದಿತ್ತು.

ಮೊದಲ ಹೊಡೆತವೇ ಅವಳ ಕಾಲುಗಳ ನಡುವೆ ನುಸುಳಿ ಒಳಹೊಕ್ಕಿತು. ಮೂರು–ಮೂರು. ಮಂಜಿನಂಗಳದ ಸುತ್ತ ಊರ ಜನ ಕೇಕೆ ಹಾಕಿ ಎದ್ದರು.

"ಭೇಷ್ ಐಲಿ! ನಮ್ಮ ಹುಡುಗಿ ಅಂದ್ರೆ ಹಿಂಗಿರ್ಬೇಕು!" ಬೇಕರಿಯಲ್ಲಿ ದಿನಾ ಅವಳ ಕೈಯಿಂದ ಬ್ರೆಡ್ ಕೊಳ್ಳುವವರೇ ಕಣ್ಣು ಮಿಟುಕಿಸಿದರು. ಬೇಕೆಂದೇ ಬಿಟ್ಟಳೆಂದುಕೊಂಡಿದ್ದರು! ಆ ಚಪ್ಪಾಳೆ ಅವಳ ಮುಖಕ್ಕೆ ಉಗಿದಂತಾಯಿತು. ಡುಸೆಟ್ ಅವಳತ್ತ ತಿರುಗಿಯೂ ನೋಡಲಿಲ್ಲ.

ಆಮೇಲೆ ಅವಳು ಒಂದನ್ನೂ ಬಿಡಲಿಲ್ಲ. ಎದೆಗೆ, ಮೊಣಕಾಲಿಗೆ, ಭುಜಕ್ಕೆ ಪೆಟ್ಟು ತಿಂದು ತಡೆದಳು. ಚಪ್ಪಾಳೆ ಬೈಗುಳವಾಯಿತು. "ಊರಿಗೆ ದ್ರೋಹ ಮಾಡ್ತೀಯೇನೇ!"

ಕೊನೆಯ ಎರಡು ನಿಮಿಷ ಇರುವಾಗ ಡುಸೆಟ್ ಆಚೆ ತುದಿಯಲ್ಲಿ ಗೋಲು ಹೊಡೆದ. ನಾಲ್ಕು–ಮೂರು.

ಇನ್ನು ಹತ್ತೇ ಸೆಕೆಂಡು. ರೇನೋ ಪಕ್ ಕಸಿದುಕೊಂಡು ಒಬ್ಬನೇ ನುಗ್ಗಿ ಬಂದ. ಎಡಭುಜ ತಗ್ಗಿಸಿ ಬಲಕ್ಕೆ ಹೊಡೆಯುವುದು ಅವನ ಚಾಳಿ. ಅದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ಅವನಿಗೂ ಗೊತ್ತು.

ಭುಜ ತಗ್ಗಿತು. ಐಲಿ ಅಲುಗಲಿಲ್ಲ. ಉಸಿರನ್ನೂ ಬಿಡಲಿಲ್ಲ. ಅವನು ಎಡಕ್ಕೆ ಹೊಡೆದ. ಅವಳು ಅಡ್ಡ ಬಿದ್ದು ಕೈ ಚಾಚಿದಳು. ಬೆರಳು ಲಟಕ್ಕೆಂದಿತು. ಪಕ್ ಅಂಗೈಯಲ್ಲೇ ಉಳಿಯಿತು. ಆಟ ಮುಗಿದ ಗಂಟೆ ಹೊಡೆಯಿತು.

ಮೂರು ಸಾವಿರ ಜನ ಬೆನ್ನು ತಿರುಗಿಸಿ ಹೊರಟರು. ಡುಸೆಟ್ ಟೋಪಿ ತೆಗೆದು ಅವಳೆದುರು ನಿಂತ. "ನನ್ ಮಾತು ವಾಪಸ್ ತಗೊಂಡೆ, ತಾಯಿ."

ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ರೇನೋ ಕಾದಿದ್ದ. ಬೈಯುತ್ತಾನೆಂದು ಅವಳು ಹಲ್ಲು ಕಚ್ಚಿ ನಿಂತಳು.

"ಬೆರಳು ತೋರ್ಸು," ಎಂದವನು ಮೆಲ್ಲಗೆ ಪಟ್ಟಿ ಸುತ್ತಿದ. "ನಾಳೆ ಅಭ್ಯಾಸಕ್ಕೆ ಬರ್ತೀಯಾ?"

"ಅಭ್ಯಾಸಕ್ಕೆ ಬರಲ್ಲ ಅಣ್ಣ. ಪಂದ್ಯಕ್ಕೆ ಕರೆದ್ರೆ ಬರ್ತೀನಿ."

ರೇನೋ ಅಲ್ಲಿಂದಲೇ ಕೋಚ್‌ನ ಬಾಗಿಲು ತಟ್ಟಲು ಹೋದ. ಒಳಗೆ ದೊಡ್ಡ ಜಗಳವೇ ಆಯಿತು. ಬೆರಳು ಕೂಡಿಕೊಳ್ಳಲು ಮೂರು ವಾರ ಹಿಡಿಯಿತು. ನಾಲ್ಕನೇ ಶನಿವಾರದ ಪಂದ್ಯದಲ್ಲಿ ಐಲಿ ತನ್ನೂರಿನ ಗೋಲಿನಲ್ಲಿ ನಿಂತಳು.