ಶನಿವಾರದ ಕಟ್ಟು

ಹೋದವರ ಮೂಗಿನ ಮೇಲೆ ಕನ್ನಡಕ ಇರತಕ್ಕದ್ದೋ ಇರಬಾರದೋ ಎಂಬ ಗಹನವಾದ ಪ್ರಶ್ನೆ ಮಂಗಳವಾರ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೂ ಇತ್ಯರ್ಥವಾಗಲಿಲ್ಲ. ಚಿಕ್ಕಮ್ಮ ತೆಗೆಯುತ್ತಿದ್ದಳು, ಸೋದರಮಾವ ಹಾಕುತ್ತಿದ್ದ. ಕನ್ನಡಕವಿಲ್ಲದ ಅಕ್ಕನನ್ನು ತಾನು ಕಂಡೇ ಇಲ್ಲ ಎಂದು ಅವನ ವಾದ. ಇನ್ನು ಅವಳು ಓದುವುದೇನು ಉಳಿದಿದೆ ಎಂದು ಇವಳದು. ಹೆಣದ ಕಾಲ ಬಳಿ ಕೂತಿದ್ದ ಮಗಳು ಹೊಟ್ಟೆಯ ಮೇಲೆ ಶಾಲು ಬಿಗಿದುಕೊಂಡು ಯಾರ ಪಕ್ಷವನ್ನೂ ಹಿಡಿಯಲಿಲ್ಲ.

ಹೋದವಳು ಅನುಮತಿ ಮಂಡಳಿಯ ಗುಮಾಸ್ತೆ. ಗರ್ಭ ತೆಗೆಸಬೇಕೆನ್ನುವವರ ಅರ್ಜಿ ಇಪ್ಪತ್ತು ವಾರ ತುಂಬುವ ದಿನದೊಳಗೆ ಅವಳ ಕಿಟಕಿ ಸೇರಬೇಕು; ಒಂದು ದಿನ ತಡವಾದರೂ ಕಾರಣ ಕೇಳುವವರಿಲ್ಲ. ಮೂವತ್ತೊಂದು ವರ್ಷ ಅವಳು ಬಂದ ಅರ್ಜಿಗೆ ತಾರೀಖಿನ ಮುದ್ರೆ ಒತ್ತಿ, ಆಯಾ ದಿನದ ಕಟ್ಟಿಗೆ ದಾರ ಬಿಗಿದು ಮೇಲಕ್ಕೆ ಕಳಿಸಿದ್ದಳು. ಈ ಕಾನೂನಿನ ಪರವಾಗಿ ಊರೂರು ಸುತ್ತಿ ಭಾಷಣ ಮಾಡಿದ ತಮ್ಮ, ಅಂದರೆ ಇದೇ ಸೋದರಮಾವ, ತನ್ನ ಅಕ್ಕನ ಕಿಟಕಿಯಲ್ಲಿ ಬ್ರಹ್ಮ ಬಂದರೂ ಒಂದು ದಿನ ಆಚೀಚೆ ಆಗದೆಂದು ಪ್ರತಿ ವೇದಿಕೆಯಲ್ಲೂ ಹೇಳುತ್ತಿದ್ದ. ಅವಳ ಮೇಲಿದ್ದ ಆರೋಪ ಒಂದೇ: ವಾರವಾರವೂ ‘ದಾರ ಮುಗಿದಿದೆ’ ಎಂದು ಚೀಟಿ ಬರೆಯುತ್ತಿದ್ದಳು. ಕಚೇರಿಯಲ್ಲಿ ಅವಳ ಹೆಸರೇ ದಾರದಮ್ಮ.

*

ಭಾನುವಾರ ಮಗಳು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಎರಡು ಕಾಗದ ಇಟ್ಟಿದ್ದಳು. ಒಂದು ಸ್ಕ್ಯಾನ್ ವರದಿ: ಮಗುವಿಗೆ ತಲೆಬುರುಡೆ ಕಟ್ಟಿಲ್ಲ, ಹುಟ್ಟಿದರೂ ಗಂಟೆಗಳ ಮಾತು. ಇನ್ನೊಂದು, ಸಹಿ ಮಾಡಿದ ಅರ್ಜಿ. ಡಾಕ್ಟರು ಹೇಳಿದ್ದು ಶನಿವಾರ ಸಂಜೆ, ಕಚೇರಿ ಮುಚ್ಚಿದ ಮೇಲೆ. ಇಪ್ಪತ್ತು ವಾರ ತುಂಬಿದ್ದೂ ಅದೇ ಶನಿವಾರ.

ಅಮ್ಮ ಎರಡನ್ನೂ ಎರಡೆರಡು ಸಲ ಓದಿದಳು.

“ನಿನ್ನೆ ಕೊನೇ ದಿನ. ನಿಯಮ ಅಂದ್ಮೇಲೆ ನಿಯಮಾನೇ,” ಎಂದು ಪಾತ್ರೆ ತೊಳೆಯಲು ಎದ್ದಳು.

ಮಗಳು ಕಾಗದಗಳನ್ನು ಅಲ್ಲೇ ಬಿಟ್ಟು ಹೋದಳು, ಮತ್ತೆ ಅವಳೊಂದಿಗೆ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಟ ಅಮ್ಮ ಚಪ್ಪಲಿ ಮೆಟ್ಟುತ್ತಾ ಕುಸಿದಳು.

*

ಕೊನೆಗೆ ಚಿಕ್ಕಮ್ಮನೇ ಗೆದ್ದಳು. ಕನ್ನಡಕ ಇಡಲೆಂದು ಮಾವ ಅಕ್ಕನ ಕೈಚೀಲದಿಂದ ಡಬ್ಬಿ ತೆಗೆದು ತೆರೆದ. ಒಳಗೆ ಜಾಗವಿರಲಿಲ್ಲ. ಅವಳು ದಿನವೂ ಮನೆಗೆ ತರುತ್ತಿದ್ದ ಕಚೇರಿಯ ಮುದ್ರೆ, ಪಕ್ಕದಲ್ಲಿ ಮಡಿಸಿದ ಅರ್ಜಿ. ಅರ್ಜಿದಾರಳ ಜಾಗದಲ್ಲಿ ಅಕ್ಕನ ಮಗಳ ಸಹಿ. ಕೆಳಗೆ ನೇರಳೆ ಶಾಯಿಯಲ್ಲಿ ಶನಿವಾರದ ತಾರೀಖು. ಅವನು ಅಲ್ಲೇ ಕುರ್ಚಿಯಲ್ಲಿ ಯಾರದೋ ಟೋಪಿಯ ಮೇಲೆ ಕೂತುಬಿಟ್ಟ. ಮಗಳು ಇಣುಕಿ ನೋಡಿದಳು.

ಅಷ್ಟರಲ್ಲಿ ಬಂದ ಪಕ್ಕದ ಕಿಟಕಿಯ ಗುಮಾಸ್ತೆ ಹೆಣಕ್ಕೆ ಕೈಮುಗಿದು, ಮುದ್ರೆಯನ್ನು ಕೇಳಿ ತೆಗೆದುಕೊಂಡಳು. ನಂತರ ಮಾವನ ಕೈಲಿದ್ದ ಕಾಗದ ನೋಡಿದಳು.

“ಅದನ್ನೂ ಕೊಡಿ. ಶನಿವಾರದ ಕಟ್ಟು ಇನ್ನೂ ಕಟ್ಟಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲೆ ಹೋಗ್ಬೇಕು.”

“ಇವತ್ತು ಮಂಗಳವಾರ,” ಎಂದ ಮಾವ.

“ನಮ್ಮಲ್ಲಿ ಶನಿವಾರದ್ದು ಯಾವಾಗ್ಲೂ ಮಂಗಳವಾರಾನೇ ಕಟ್ಟೋದು. ಅಲ್ಲೀವರ್ಗೂ ದಾರ ಇರಲ್ಲ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂವತ್ತೊಂದು ವರ್ಷದ ಭಾಷಣಗಳು ಒಂದೊಂದಾಗಿ ನೆನಪಾಗುತ್ತಿದ್ದಿರಬೇಕು.

“ಎಷ್ಟು ಜನಕ್ಕೆ ಹೀಗೆ?”

“ದಾರದ ಚೀಟಿ ಎಣಿಸ್ಕೊಳ್ಳಿ.”

“ಗಡಿ ಅಂತ ಒಂದು ಬೇಡ್ವೇನಮ್ಮ? ಬಾಗಿಲಿಲ್ಲದ ಮನೆ ಆಗತ್ತೆ.”

“ಇರ್ಲಿ ಅಣ್ಣ. ಮನೆ ಯಾರ್ದು ಅಂತ ಕೇಳಿ ಬಾಗಿಲು ಹಾಕಿ.”

ಮಗಳು ಎದ್ದು ಕೈ ಚಾಚಿದಳು. “ಮಾವ, ಅದು ನಂದು.”

ಅವನು ಅವಳನ್ನು ನೋಡಲಿಲ್ಲ. ಶವವಾಹನದವನು ಹೊರಗೆ ಎರಡು ಸಲ ಹಾರನ್ ಮಾಡಿದ. ಮಾವ ಅಕ್ಕನ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಅವಳ ಮೂಗಿನ ಮೇಲಿಟ್ಟ. ಈ ಸಲ ಚಿಕ್ಕಮ್ಮ ತೆಗೆಯಲಿಲ್ಲ. ಆಮೇಲೆ ಕಾಗದವನ್ನು ಚಾಚಿದ ಕೈಗೆ ಕೊಟ್ಟ. ಮಗಳು ಅದನ್ನು ಗುಮಾಸ್ತೆಗೆ ದಾಟಿಸಿದಳು.

ಹನ್ನೆರಡೂವರೆಗೆ ಕಚೇರಿಯಲ್ಲಿ ದಾರ ಸಿಕ್ಕಿತು. ಅರ್ಜಿ ಶನಿವಾರ ಬಂದಿತ್ತು.