ಒಳಜೇಬಿನ ಕ್ಯಾಸೆಟ್ಟು

"ಸ್ವಲ್ಪ ಎತ್ತಿ ಹಿಡ್ಕೊ ಪುಟ್ಟಿ, ಕೋಟು ಬೆನ್ನಿನ ಕೆಳಗೆ ಸಿಕ್ಕಿಹಾಕ್ಕೊಂಡಿದೆ," ಎಂದ ದರ್ಜಿ, ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ.

ಮಗಳು ಅಪ್ಪನ ಹೆಗಲ ಕೆಳಗೆ ಕೈ ತೂರಿಸಿ ಎತ್ತಿದಳು. ಎರಡು ದಿನ ಶೀತಲ ಕೋಣೆಯಲ್ಲಿದ್ದ ದೇಹ, ಹಲಗೆ ಎತ್ತಿದ ಹಾಗೆ ಒಟ್ಟಿಗೇ ಮೇಲೆದ್ದಿತು. ದರ್ಜಿ ಕೋಟನ್ನು ಎಳೆದು ಸರಿಮಾಡಿದ. ಒಳಜೇಬಿನ ಹರಿದ ಅಂಚಿಗೆ ನಾಲ್ಕು ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದ. ಮೂವತ್ತೆರಡು ವರ್ಷದ ಹಿಂದೆ ಆ ಜೇಬನ್ನು ಹೊಲಿದವನೂ ಅವನೇ. ಒಂದು ಸಣ್ಣ ಟೇಪ್ ರೆಕಾರ್ಡರ್ ಹಿಡಿಸುವಷ್ಟು ಅಗಲ, ಹೊರಗಿನವರ ಕಣ್ಣಿಗೆ ಉಬ್ಬು ಕಾಣದಷ್ಟು ಆಳ.

"ಇದೆಲ್ಲ ಬೇಕೇನೇ?" ಎಂದು ಸೋದರತ್ತೆ ಬಾಗಿಲ ಬಳಿಯಿಂದಲೇ ಕೇಳಿದಳು. ತೀರಿಕೊಂಡವನ ತಂಗಿ ಅವಳು. ಒಳಗೆ ಬರಲು ಧೈರ್ಯವಿಲ್ಲ, ಹೊರಗೆ ನಿಲ್ಲಲು ಕುತೂಹಲ ಬಿಡದು. "ಸತ್ತವರ ಎದೆ ಮೇಲೆ ಮೆಷೀನು ಇಟ್ಟು ಹಾಡು ಹಾಕೋದಂದ್ರೆ, ಬಂದವರು ಏನಂದುಕೊಳ್ಳಲ್ಲ?"

"ಅಪ್ಪನೇ ಬರೆದಿದ್ದಾರೆ ಅತ್ತೆ," ಎಂದಳು ಮಗಳು.

ಬರೆದ ಚೀಟಿ ಅವಳ ಕೈಚೀಲದಲ್ಲೇ ಇತ್ತು. ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿದ್ದರಿಂದ ಅಪ್ಪನಿಗೆ ಮಾತಾಡಲು ಆಗುತ್ತಿರಲಿಲ್ಲ. ಔಷಧಿಯ ಪಟ್ಟಿಯ ಹಿಂಬದಿಗೆ ಸೊಟ್ಟ ಸೊಟ್ಟಗೆ ಬರೆದಿದ್ದ: "ಕಪಾಟಿನ ಮೇಲಿನ ಕ್ಯಾಸೆಟ್ಟು. ಎಲ್ಲರೂ ಕೂತ ಮೇಲೆ ಹಾಕಿ. ನನ್ನ ಜೇಬಿನಿಂದಲೇ ಕೇಳಿಸಬೇಕು. ನಿನಗೆ ಕೊಡಬೇಕಾದ್ದು ಅದರಲ್ಲಿದೆ."

ಆ ಕೊನೆಯ ಸಾಲಿಗಾಗಿ ಮಗಳು ಎರಡು ದಿನದಿಂದ ಕಾಯುತ್ತಿದ್ದಳು. ಕ್ಯಾಸೆಟ್ಟನ್ನು ಮನೆಯಲ್ಲೇ ಒಂದು ಸಲ ಹಾಕಿ ಕೇಳಬಹುದಿತ್ತು. ಕೈ ಹೋಗಿತ್ತು ಕೂಡ. ಆದರೆ ಅಪ್ಪ ಜೀವಮಾನದಲ್ಲಿ ಅವಳನ್ನು ಕೇಳಿಕೊಂಡದ್ದು ಇದೊಂದೇ. ಹೇಳಿದ ಹಾಗೆ ಮಾಡೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡು ಇಟ್ಟುಬಿಟ್ಟಿದ್ದಳು.

*

ಅಪ್ಪ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಲಿಫ್ಟುಗಳ ತಳದ ಹೊಂಡದಲ್ಲಿ ನಿಂತು, ಮೇಲೆ ಹಗ್ಗ ಎಲ್ಲಿ ಸವೆದಿದೆ ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದ. ಜೊತೆಯವರು ಕಿವಿಯಪ್ಪ ಎಂದು ಹೆಸರಿಟ್ಟರು, ಅದೇ ಗಟ್ಟಿಯಾಯಿತು. ಆ ಕಿವಿಯ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಮಾತ್ರ ಸಂಜೆ, ದೊಡ್ಡ ಗಾಯಕರು ಊರಿಗೆ ಬಂದಾಗ.

"ಒಳಜೇಬು ಇಷ್ಟು ಆಳ ಬೇಕು," ಎಂದು ಅವನು ಮೊದಲ ಸಲ ಅಂಗಡಿಗೆ ಬಂದು ಅಳತೆ ತೋರಿಸಿದಾಗ ದರ್ಜಿ ಗಾಬರಿಯಾಗಿದ್ದ.

"ಏನ್ ಸ್ವಾಮಿ, ಪಿಸ್ತೂಲಾ?"

"ಅದಕ್ಕಿಂತ ಕಷ್ಟದ್ದು. ಇದು ಸದ್ದು ಮಾಡಬಾರದು."

ಕೋಟು ಕೊಡಲು ಹೋದ ದರ್ಜಿ ಕಾರ್ಯಕ್ರಮಕ್ಕೂ ಹೋದ, ಆಮೇಲೆ ಒಂದನ್ನೂ ಬಿಡಲಿಲ್ಲ. ಕಾಲರಿನೊಳಗೆ ಮೈಕು, ಜೇಬಿನೊಳಗೆ ಯಂತ್ರ. ಕಿವಿಯಪ್ಪ ಮಂಡಿಯ ಮೇಲೆ ಕೈಯಿಟ್ಟು ಗೊಂಬೆ ಹಾಗೆ ಕೂರುತ್ತಿದ್ದ. ಒಂಚೂರು ಹೊರಳಿದರೂ ಬಟ್ಟೆ ಸರಸರ ಎಂದು ಮೈಕಿಗೆ ಕೇಳುತ್ತದೆ. ಹಾಗಾಗಿ ದೀಪ ಆರಿದ ಕೂಡಲೇ ಪಕ್ಕದ ಕುರ್ಚಿಯಿಂದ ಕೈ ತೂರಿಸಿ, ಕತ್ತಲಲ್ಲೇ ತಡಕಿ, ಎರಡು ಗುಂಡಿ ಒಟ್ಟಿಗೆ ಒತ್ತುವುದು ದರ್ಜಿಯ ಪಾಲಿನ ಕೆಲಸ. ಒಂದೇ ಒತ್ತಿದರೆ ಕ್ಯಾಸೆಟ್ಟಿನಲ್ಲಿ ಇದ್ದದ್ದನ್ನು ಬರೀ ಕೇಳಿಸುತ್ತದೆ, ಎರಡೂ ಒತ್ತಿದರೆ ಸುತ್ತಲಿನ ಸದ್ದನ್ನು ಹಿಡಿದುಕೊಳ್ಳುತ್ತದೆ.

ಕೈ ತಟ್ಟಬಾರದು, ಜೊತೆಗೆ ಹಾಡಬಾರದು, ಕೆಮ್ಮಬಾರದು. ಸುತ್ತಲಿನ ಸಾವಿರಾರು ಜನ ಎದ್ದು ಕುಣಿಯುತ್ತಿದ್ದರೆ ಇವರಿಬ್ಬರು ಪರೀಕ್ಷೆಗೆ ಕೂತವರ ಹಾಗೆ ಕೂತಿರಬೇಕು. ಮೆಲುದನಿಯ ಹಾಡು ಬಂದಾಗಲಂತೂ ಕಿವಿಯಪ್ಪ ಉಸಿರು ಎಳೆದು ಹಿಡಿದುಬಿಡುತ್ತಿದ್ದ. ಪಲ್ಲವಿ ಮುಗಿದ ಮೇಲೆ ಬಿಡುತ್ತಿದ್ದ. ಅವನ ನಾನೂರು ಕ್ಯಾಸೆಟ್ಟುಗಳಲ್ಲಿ ಅವನದು ಅಂತ ಇರುವುದು ಅಷ್ಟೇ, ಎಳೆದ ಒಂದು ಉಸಿರು, ಬಿಟ್ಟ ಒಂದು ಉಸಿರು.

ಆ ಗಾಯಕರೆಲ್ಲ ಒಬ್ಬೊಬ್ಬರಾಗಿ ಹೋದರು. ಬಿಳಿ ಕೋಟಿನವನು ಕಾರು ಅಪಘಾತದಲ್ಲಿ, ಉದ್ದ ಕೂದಲಿನ ಅಣ್ಣತಮ್ಮಂದಿರು ಒಂದೇ ವರ್ಷದಲ್ಲಿ, ಗೊಗ್ಗರು ದನಿಯವಳು ಈ ವರ್ಷ. ಯಾರೇ ಹೋಗಲಿ, ರೇಡಿಯೋದವರು ದಿನವಿಡೀ ಅವರ ಹಾಡು ಹಾಕುತ್ತಿದ್ದರು. ಕಿವಿಯಪ್ಪ ರೇಡಿಯೋ ಆರಿಸಿ ತನ್ನ ಕ್ಯಾಸೆಟ್ಟು ತೆಗೆಯುತ್ತಿದ್ದ. ಹಾಡು ಓಡಿಸಿಬಿಟ್ಟು, ಎರಡು ಹಾಡುಗಳ ನಡುವಿನ ಜಾಗವನ್ನೇ ಮತ್ತೆ ಮತ್ತೆ ಕೇಳುತ್ತಿದ್ದ.

"ಹಾಡು ಎಲ್ಲರ ಹತ್ರ ಇದೆ ಕಣಯ್ಯ," ಎಂದು ಒಮ್ಮೆ ದರ್ಜಿಗೆ ಹೇಳಿದ್ದ. "ಅವಳು ನೀರು ಕುಡಿದಿದ್ದು ನನ್ನ ಹತ್ರ ಮಾತ್ರ ಇದೆ. ಕೇಳು, ಉಸಿರು ತಗೋತಾಳೆ ನೋಡು. ಉಸಿರಿದ್ದ ಮೇಲೆ ಆಳು ಇದ್ದ ಹಾಗೇ ಅಲ್ವಾ?"

ದರ್ಜಿ ಆ ಮಾತನ್ನು ನಗಾಡಿ ತೇಲಿಸಿದ್ದ.

*

ಅಂತ್ಯಸಂಸ್ಕಾರ ಭವನದ ಹಾಲಿನಲ್ಲಿ ಐವತ್ತು ಕುರ್ಚಿ, ಮೂವತ್ತು ಜನ. ಲಿಫ್ಟ್ ಕಂಪನಿಯ ಹಳಬರು, ಅಕ್ಕಪಕ್ಕದವರು, ನೆಂಟರು. ಎದುರಿಗೆ ಮೇಜಿನ ಮೇಲೆ ಮುಚ್ಚಳ ತೆರೆದ ಪೆಟ್ಟಿಗೆ. ಭವನದ ಉಸ್ತುವಾರಿಯವನು ಗೋಡೆ ಗಡಿಯಾರ ತೋರಿಸಿ, "ಮೂರೂವರೆಗೆ ಇನ್ನೊಂದು ಮನೆಯವರು ಬರ್ತಾರೆ ಮೇಡಂ. ಅಷ್ಟರಲ್ಲಿ..." ಎಂದು ಮಾತನ್ನು ಅಲ್ಲಿಗೇ ಬಿಟ್ಟ.

"ಹಾಕು ಮಾಮ," ಎಂದಳು ಮಗಳು.

ದರ್ಜಿ ಪೆಟ್ಟಿಗೆಯ ಹತ್ತಿರ ಹೋಗಿ ಬಾಗಿದ. ಗೆಳೆಯನ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡ. ಕೋಟಿನೊಳಗೆ ಕೈ ತೂರಿಸಿದ, ತಡಕಿದ, ಒತ್ತಿದ. ಟಕ್ ಎಂದಿತು. "ಆಯ್ತು," ಎಂದು ಮೆಲ್ಲಗೆ ಹೇಳಿ, ಮೂರನೇ ಸಾಲಿಗೆ ಬಂದು ಕೂತ.

ಏನೂ ಕೇಳಿಸಲಿಲ್ಲ.

ಒಂದು ನಿಮಿಷ ಆಯಿತು, ಎರಡಾಯಿತು. ಅತ್ತೆ ಹಿಂದೆ ತಿರುಗಿ ದರ್ಜಿಯನ್ನು ನೋಡಿದಳು. "ಅವನ ಕ್ಯಾಸೆಟ್ಟೆಲ್ಲ ಹೀಗೇನಮ್ಮ," ಎಂದು ಅವನು ಪಿಸುಗುಟ್ಟಿದ. "ಹಾಡಿಗೆ ಮುಂಚೆ ತುಂಬಾ ಹೊತ್ತು ಸುಮ್ನೆ ಇರುತ್ತೆ. ಜನ ಬಂದು ಕೂರಬೇಕಲ್ಲ."

ಸರಿ, ಎಲ್ಲರೂ ಕಾದರು. ಯಾರೋ ಕೆಮ್ಮು ನುಂಗಿದರು. ಕುರ್ಚಿಯೊಂದು ಕಿರ್ರೆಂದಿತು. ಐದು ನಿಮಿಷವಾಗುವಷ್ಟರಲ್ಲಿ ಹಾಲಿನ ಗಾಳಿಯೇ ಬದಲಾಗಿತ್ತು. ಅಳುತ್ತಿದ್ದವರು ಅಳು ನಿಲ್ಲಿಸಿದ್ದರು. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ ನೆಟ್ಟಿತ್ತು. ಅದು ಸತ್ತವರನ್ನು ನೋಡುವ ನೋಟವಾಗಿರಲಿಲ್ಲ. ಪರದೆ ಏಳುವುದನ್ನು, ಯಾರೋ ಈಗ ಬರುವುದನ್ನು ಕಾಯುವವರ ನೋಟವಾಗಿತ್ತು. ಮಗಳು ಏಳಲಿಲ್ಲ. ಇನ್ನೇನು ಮಾತಾಡುತ್ತಾರೆ, ಇನ್ನೊಂದು ನಿಮಿಷ, ಎಂದು ಸೆರಗಿನ ತುದಿ ಹಿಂಡುತ್ತ ಕೂತೇ ಇದ್ದಳು.

*

ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಅವಳು ಪ್ರತಿ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಿದ್ದಳು. ಅಮ್ಮ ಹತ್ತು ನಿಮಿಷ ಮಾತಾಡಿ, "ಅಪ್ಪನಿಗೆ ಕೊಡ್ತೀನಿ" ಎಂದು ಕೊಡುತ್ತಿದ್ದಳು.

"ಅಪ್ಪಾ, ಚೆನ್ನಾಗಿದ್ದೀರಾ?"

"ಹ್ಞೂಂ."

ಅಷ್ಟೇ. ಆಮೇಲೆ ಬರೀ ಉಸಿರು. ಕಾರ್ಯಕ್ರಮಗಳಲ್ಲಿ ಸುಮ್ಮನಿದ್ದು ಸುಮ್ಮನಿದ್ದು ಮನೆಯಲ್ಲೂ ಮಾತು ನಿಂತುಹೋಗಿತ್ತು. ಅವಳು ಗಂಡನ ವಿಷಯ, ಆಫೀಸಿನ ವಿಷಯ, ಕರು ಹಾಕಿದ ಪಕ್ಕದ ಮನೆ ಹಸುವಿನ ವಿಷಯ ಎಲ್ಲ ಹೇಳುತ್ತಿದ್ದಳು. ಆ ಕಡೆ ಎಳೆದ ಉಸಿರು ಹಾಗೇ ನಿಲ್ಲುತ್ತಿತ್ತು. ಅವಳು ಮಾತು ಮುಗಿಸಿದ ಮೇಲೆ ಹೊರಗೆ ಬರುತ್ತಿತ್ತು.

"ಗೋಡೆ ಜೊತೆ ಮಾತಾಡೋದೇ ವಾಸಿ," ಎಂದು ಒಮ್ಮೆ ಸಿಟ್ಟಿನಿಂದ ಫೋನು ಕುಕ್ಕಿದ್ದಳು. ಮುಂದಿನ ಭಾನುವಾರ ಮಾಡಲಿಲ್ಲ. ಅದರ ಮುಂದಿನ ಭಾನುವಾರ ಬರುವಷ್ಟರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದ.

*

ಹನ್ನೊಂದನೇ ನಿಮಿಷಕ್ಕೆ ಮೋಡ ಅಡ್ಡ ಬಂದು ಭವನದೊಳಗೆ ಮಬ್ಬು ಕವಿಯಿತು. ಆಗ ದರ್ಜಿಗೆ ಕಂಡಿತು. ಸತ್ತವನ ಎದೆಯ ಮೇಲೆ, ಕೋಟಿನ ಬಟ್ಟೆಯೊಳಗಿಂದ, ಯಂತ್ರ ಸದ್ದು ಹಿಡಿಯುವಾಗ ಮಾತ್ರ ಹೊತ್ತುವ ಸಾಸಿವೆ ಕಾಳಿನಷ್ಟು ಕೆಂಪು ಬೆಳಕು.

ಅವನು ಎದ್ದು ಓಡಿದ ರಭಸಕ್ಕೆ ಕುರ್ಚಿ ಮಗುಚಿತು. ಗುಂಡಿ ಒತ್ತಿ ನಿಲ್ಲಿಸಿ, ಅಲ್ಲೇ ನೆಲಕ್ಕೆ ಕುಸಿದ.

"ಏನಾಯ್ತು ಮಾಮ?"

"ಎರಡೂ ಒತ್ತಿಬಿಟ್ಟೆ ಪುಟ್ಟಿ." ಅವನು ಬೆರಳು ಚಾಚಿ ತೋರಿಸಿದ. "ಮೂವತ್ತೆರಡು ವರ್ಷ ಎರಡೂ ಒಟ್ಟಿಗೇ ಒತ್ತಿದ ಬೆರಳು. ಈ ಹಾಳು ಬೆರಳಿಗೆ ಬೇರೆ ಏನೂ ಬರಲ್ಲ. ಅಳಿಸಿಹಾಕಿದೆ. ಅವನು ಇಟ್ಟಿದ್ದನ್ನ ಅಳಿಸಿ ನಮ್ಮನ್ನ ತುಂಬಿಸಿದೆ."

ಮಗಳು ಬೈಯಲು ಬಾಯಿ ತೆರೆದಳು. ಅಪ್ಪನ ವಯಸ್ಸಿನ ಆ ಮುದುಕ ತನ್ನ ಬಲಗೈ ಬೆರಳುಗಳನ್ನು ಎಡಗೈಯಿಂದ ಹಿಡಿದು ಹಿಂಡುತ್ತಿದ್ದದ್ದನ್ನು ನೋಡಿ, ಬಾಯಿ ಮುಚ್ಚಿಕೊಂಡಳು. ಹೋಯಿತು, ಇನ್ನು ಎಂದಿಗೂ ಇಲ್ಲ.

ದರ್ಜಿ ಕ್ಯಾಸೆಟ್ಟು ಹೊರತೆಗೆದು ಅಂಚು ಸವರಿ ನೋಡಿದ. "ಮೂಲೆ ಮುರಿದಿಲ್ಲ," ಎಂದ, ತನಗೇ ಹೇಳಿಕೊಳ್ಳುವಂತೆ. "ಕೆಲಸ ಮುಗಿದ ಕ್ಯಾಸೆಟ್ಟಿಂದು ಈ ಚೂರು ಮುರೀತಿದ್ದ, ಮತ್ತೆ ಯಾರೂ ಅದರ ಮೇಲೆ ತುಂಬಬಾರದು ಅಂತ. ನಾನೂರರಲ್ಲಿ ಒಂದೂ ಮರೆತಿಲ್ಲ. ಇದನ್ನ ಯಾಕೆ ಬಿಟ್ಟ?"

"ಉಳಿದಿರೋದನ್ನಾದ್ರೂ ಹಾಕು," ಎಂದಳು ಮೊದಲ ಸಾಲಿನಲ್ಲಿ ಕೂತಿದ್ದ ತಾಯಿ. ಬೆಳಿಗ್ಗೆಯಿಂದ ಅವಳಾಡಿದ ಮೊದಲ ಮಾತು ಅದು. "ಮೊದಲಿಂದ ಹಾಕು. ಅಲ್ಲೇ ಇಟ್ಟು."

ಕ್ಯಾಸೆಟ್ಟು ಹಿಂದಕ್ಕೆ ಸುತ್ತಿತು. ಈ ಸಲ ದರ್ಜಿ ಕಣ್ಣು ಬಿಟ್ಟುಕೊಂಡು ಒಂದೇ ಗುಂಡಿ ಒತ್ತಿದ.

"ಆಯ್ತು," ಎಂದಿತು ಜೇಬಿನೊಳಗಿಂದ ಅವನದೇ ದನಿ. ಹೆಜ್ಜೆ ಸದ್ದು. ಅತ್ತೆಯ ಬಳೆ. ಯಾರೋ ನುಂಗಿದ ಕೆಮ್ಮು. ಕಿರ್ರೆಂದ ಕುರ್ಚಿ. ತಾವು ಈಗಷ್ಟೇ ಕೂತಿದ್ದ ಹನ್ನೊಂದು ನಿಮಿಷಗಳು ಪೆಟ್ಟಿಗೆಯಿಂದ ಹೊರಬರುತ್ತಿದ್ದವು. ಮತ್ತೆ ಅವೆಲ್ಲಕ್ಕಿಂತ ಹತ್ತಿರದಲ್ಲಿ, ಮೈಕಿಗೆ ಒತ್ತಿಕೊಂಡಂತೆ, ಒಂದು ಉಸಿರು.

ಎಳೆದ ಉಸಿರು. ನಿಂತಿತು. ತುಂಬಾ ಹೊತ್ತಾದ ಮೇಲೆ ಹೊರಗೆ ಬಂತು. ಮತ್ತೆ ಎಳೆಯಿತು.

"ಅದು ನಿಮ್ಮದೇ ಇರಬೇಕು ಅಣ್ಣ," ಎಂದಳು ಅತ್ತೆ, ದರ್ಜಿಗೆ. ದನಿ ಸಣ್ಣಗಾಗಿತ್ತು.

"ನಾನು ಮೂರನೇ ಸಾಲಲ್ಲಿ ಕೂತಿದ್ದೆನಮ್ಮ."

ಮಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಪ್ಪತ್ತು ವರ್ಷದ ಭಾನುವಾರಗಳಲ್ಲಿ ಕೇಳಿದ ಉಸಿರು ಅದು. ಅವಳು ನುಗ್ಗಿ ಬಂದು ಅಪ್ಪನ ಕುತ್ತಿಗೆಗೆ ಬೆರಳಿಟ್ಟಳು, ಮೂಗಿನ ಹತ್ತಿರ ಅಂಗೈ ಹಿಡಿದಳು. ಕಲ್ಲು ಮುಟ್ಟಿದಷ್ಟು ತಣ್ಣಗಿತ್ತು.

"ಎರಡು ದಿನ ಶೀತದಲ್ಲಿದ್ರು ಮೇಡಂ," ಎಂದ ಉಸ್ತುವಾರಿಯವನು. ಧೈರ್ಯ ಹೇಳಲು ಹೊರಟವನು ಬಾಗಿಲಿನ ತನಕ ಹಿಂದೆ ಸರಿದಿದ್ದ. "ಮೆಷೀನಿನ ಸದ್ದಿರಬೇಕು. ಹಳೇ ಮೆಷೀನಲ್ವಾ?"

ಎದ್ದು ಹೋಗಬೇಕೆಂದುಕೊಂಡ ಒಬ್ಬಿಬ್ಬರೂ ಎದ್ದ ಭಂಗಿಯಲ್ಲೇ ನಿಂತರು. ಏಕೆಂದರೆ ಕ್ಯಾಸೆಟ್ಟಿನ ಉಸಿರು ಈಗ ನಿಂತಿತ್ತು. ಎಳೆದದ್ದು ಎಳೆದಂತೇ ಇತ್ತು, ಹೊರಗೆ ಬರಲಿಲ್ಲ. ಅರ್ಧ ನಿಮಿಷ. ಒಂದು ನಿಮಿಷ. ಕೂತವರೂ ಉಸಿರು ಹಿಡಿದಿದ್ದರು.

ತಾಯಿ ಎದ್ದು ಬಂದಳು. ನಲವತ್ತೊಂದು ವರ್ಷ ಆ ಉಸಿರಿನ ಪಕ್ಕದಲ್ಲಿ ಮಲಗಿದವಳು ಅವಳು. ನಿದ್ದೆಯಲ್ಲೂ ಗಂಡ ಹೀಗೆ ಹಿಡಿದುಬಿಡುತ್ತಿದ್ದಾಗ ಮಾಡುತ್ತಿದ್ದಂತೆ, ಎರಡು ಬೆರಳಿನಿಂದ ಅವನ ಹೆಗಲನ್ನು ತಿವಿದಳು.

"ರೀ," ಎಂದಳು. "ಬಿಡ್ರೀ ಉಸಿರು. ಸಾಕು."

ಜೇಬಿನೊಳಗಿಂದ ಉಸಿರು ಹೊರಗೆ ಬಂತು. ಉದ್ದಕ್ಕೆ, ನಿಧಾನವಾಗಿ, ಮುಗಿಯುವ ತನಕ. ಅದರ ಬೆನ್ನಿಗೇ ಕುರ್ಚಿ ಮಗುಚಿದ ಸದ್ದು, ದರ್ಜಿಯ ಕಾಲ ಸಪ್ಪಳ, ಟಕ್.

ಅಳಿಸಿದ್ದು ಅಲ್ಲಿಗೆ ಮುಗಿದಿತ್ತು. ಹಳೆಯದು ನಡುವಿನಿಂದ ಭೋರ್ಗರೆದು ಶುರುವಾಯಿತು. ಸಾವಿರಾರು ಜನ ಹಾಡುತ್ತಿದ್ದರು. ವಾದ್ಯಗಳಿಲ್ಲ, ಗಾಯಕರಿಲ್ಲ, ಬರೀ ಜನ.

"ಗೊಗ್ಗರು ದನಿಯವಳು ಹೋದಾಗ ಮಾಡಿದ ಕಾರ್ಯಕ್ರಮ," ಎಂದ ದರ್ಜಿ. "ವೇದಿಕೆ ಮೇಲೆ ಮೈಕು ಮಾತ್ರ ಇಟ್ಟಿದ್ರಂತೆ, ಅವಳ ಹಾಡೆಲ್ಲ ಜನರೇ ಹಾಡಿದ್ರಂತೆ. ನಾನೂ ಬರ್ತೀನಿ ಅಂದ್ರೆ ಬೇಡ ಅಂದ. ಒಬ್ಬನೇ ಹೋಗಿದ್ದ."

"ಅವತ್ತು ಗಂಟಲು ಕಟ್ಕೊಂಡು ಬಂದಿದ್ರು," ಎಂದಳು ತಾಯಿ. "ಥಂಡಿ ಅಂದಿದ್ರು."

ಆ ಗದ್ದಲದೊಳಗೆ, ಮೈಕಿಗೆ ಎಲ್ಲರಿಗಿಂತ ಹತ್ತಿರದಲ್ಲಿ, ಒಂದು ಗಂಡಸಿನ ದನಿ ಹಾಡುತ್ತಿತ್ತು. ಶ್ರುತಿಯ ಗಂಧವಿಲ್ಲ, ತಾಳದ ಹಂಗಿಲ್ಲ. ಮೇಲಿನ ಸ್ವರಕ್ಕೆ ಹೋಗಿ ಒಡೆಯಿತು, ಕೆಮ್ಮಿತು, ತಾನೇ ನಕ್ಕಿತು, ಇನ್ನೂ ಜೋರಾಗಿ ಹಿಡಿಯಿತು. ಇಷ್ಟು ದೊಡ್ಡ ದನಿ ಆ ಮನುಷ್ಯನೊಳಗಿತ್ತು ಎಂದು ಆ ಹಾಲಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಮೂರೂವರೆಯಾಗಿತ್ತು. ಮುಂದಿನ ಸಂಸ್ಕಾರದ ಮನೆಯವರು ಬಾಗಿಲಲ್ಲಿ ಬಂದು ನಿಂತು, ಒಳಗಿನದನ್ನು ಕೇಳತೊಡಗಿದರು. ಮಗಳು ಪೆಟ್ಟಿಗೆಯ ಅಂಚಿಗೆ ಗಲ್ಲ ಒತ್ತಿ ಬಾಗಿದ್ದಳು. ಅವಳ ಕಣ್ಣಿಗೆ ಒಂದು ಗೇಣು ದೂರದಲ್ಲಿ, ಅಪ್ಪನ ಎದೆಯ ಮೇಲೆ ಕೋಟಿನ ಬಟ್ಟೆ ಆ ಹಾಡಿನ ಒಂದೊಂದು ಸಾಲಿಗೂ ಅದುರಿ ಅದುರಿ ಮೇಲೇಳುತ್ತಿತ್ತು.